ಎಂಟನೆಯ ತರಗತಿಯಲ್ಲೇ ತೀರ್ಮಾನವಾಗುವ ಸೀಟು: ಸಿಇಟಿ ಮತ್ತು ಧಾರವಾಡ ಜಿಲ್ಲೆಯ ಹಳ್ಳಿಯ ವಿದ್ಯಾರ್ಥಿ

ಹಿಂಗಾರಿಯ ಒಕ್ಕಲು ಮುಗಿದು ಬಿಸಿಲು ಏರುವ ಏಪ್ರಿಲ್ ತಿಂಗಳಲ್ಲಿ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ಹಳ್ಳಿಗಳಲ್ಲಿ ಪಿಯುಸಿ ವಿಜ್ಞಾನ ಓದುವ ಮಕ್ಕಳಿರುವ ಮನೆಗಳ ಮಾತು ಒಂದೇ ಕಡೆಗೆ ತಿರುಗುತ್ತದೆ. “ಎಷ್ಟ ಮಾರ್ಕ್ಸ್ ಬಿದ್ರ ಸೀಟ ಸಿಗತೈತ್ರಿ?” ಈ ಪ್ರಶ್ನೆಗೆ ನೇರ ಉತ್ತರವಿಲ್ಲ. ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಪಾಸು-ನಪಾಸಿನ ಪರೀಕ್ಷೆಯಲ್ಲ. ಅದು ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಪರೀಕ್ಷೆ. ಆ ಸಾಲಿನಲ್ಲಿ ಮಗು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪ್ರಶ್ನೆಪತ್ರಿಕೆ ಹೇಳುತ್ತದೆ. ಆ ಜಾಗದಿಂದ ಯಾವ ಬಾಗಿಲು ತೆರೆಯುತ್ತದೆ ಎಂಬುದನ್ನು ನಿಯಮಾವಳಿ ಹೇಳುತ್ತದೆ. ನಮ್ಮ ಕಡೆ ಪ್ರಶ್ನೆಪತ್ರಿಕೆಯ ಬಗ್ಗೆ ಸಾಕಷ್ಟು ಮಾತು ನಡೆಯುತ್ತದೆ. ನಿಯಮಾವಳಿಯನ್ನು ಬಿಡಿಸಿ ನೋಡುವವರು ಕಡಿಮೆ. ಹಳ್ಳಿಯ ವಿದ್ಯಾರ್ಥಿಯ ಮಟ್ಟಿಗೆ ಅತಿ ದೊಡ್ಡ ತೀರ್ಮಾನವೊಂದು ಸಿಇಟಿಗೆ ನಾಲ್ಕೈದು ವರ್ಷ ಮೊದಲೇ, ಎಂಟನೆಯ ತರಗತಿಗೆ ಹೆಸರು ಹಚ್ಚುವ ದಿನವೇ ಆಗಿಹೋಗುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಪರೀಕ್ಷೆಯನ್ನೇ ನೋಡೋಣ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಒಂದೊಂದಕ್ಕೂ ಬೇರೆ ಪತ್ರಿಕೆ. ಒಂದು ಪತ್ರಿಕೆಯಲ್ಲಿ 60 ಪ್ರಶ್ನೆ, 60 ಅಂಕ, 80 ನಿಮಿಷ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ. ಸರಿಯಾದುದರ ಎದುರಿನ ವೃತ್ತವನ್ನು ಓಎಂಆರ್ ಹಾಳೆಯಲ್ಲಿ ಬಾಲ್ ಪೆನ್ನಿನಿಂದ ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್‌ಗೆ ಭೌತ, ರಸಾಯನ, ಗಣಿತದ 180 ಅಂಕಗಳು ಲೆಕ್ಕಕ್ಕೆ ಬರುತ್ತವೆ. ಕೃಷಿ ವಿಜ್ಞಾನ, ಪಶುವೈದ್ಯ, ಫಾರ್ಮಸಿ, ನರ್ಸಿಂಗ್ ಮೊದಲಾದ ಕೋರ್ಸುಗಳಿಗೆ ವಿಷಯಗಳ ಹೊಂದಿಕೆ ಬೇರೆ. ವೈದ್ಯಕೀಯಕ್ಕೆ 2017ರಿಂದ ನೀಟ್ ಅಂಕವೇ ಆಧಾರ. ಆದರೆ ರಾಜ್ಯದ ವೈದ್ಯಕೀಯ ಸೀಟುಗಳನ್ನು ಹಂಚುವುದು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ. ಹಾಗಾಗಿ ಮುಂದೆ ಹೇಳುವ ಮೀಸಲಾತಿಯ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಪ್ರಶ್ನೆಯೊಂದಕ್ಕೆ 80 ಸೆಕೆಂಡು ಎಂದರೆ ಏನು ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ವಸ್ತುವೊಂದನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೆಟ್ಟಗೆ ಮೇಲಕ್ಕೆಸೆದರೆ ಅದು ಎಷ್ಟು ಎತ್ತರ ಹೋಗುತ್ತದೆ? ಪಿಯುಸಿ ವಾರ್ಷಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿ ಚಲನೆಯ ಸಮೀಕರಣ ಬರೆಯುತ್ತಾನೆ, ತುದಿಯಲ್ಲಿ ವೇಗ ಸೊನ್ನೆ ಎಂದು ಹೇಳುತ್ತಾನೆ, ಬೆಲೆಗಳನ್ನು ಹಾಕುತ್ತಾನೆ, ಉತ್ತರದ ಮುಂದೆ ಮೀಟರ್ ಎಂದು ಬರೆಯುತ್ತಾನೆ. ಲೆಕ್ಕ ಕೊನೆಗೆ ತಪ್ಪಿದರೂ ಸೂತ್ರಕ್ಕೆ, ಹಂತಕ್ಕೆ ಅಂಕ ಸಿಗುತ್ತದೆ. ಸಿಇಟಿಯಲ್ಲಿ ಈ ದಾರಿಗೆ ಬೆಲೆಯಿಲ್ಲ, ತಲುಪಿದ ಊರಿಗೆ ಮಾತ್ರ ಬೆಲೆ. 20ರ ವರ್ಗ 400, ಅದನ್ನು ಗುರುತ್ವದ ಎರಡರಷ್ಟು ಅಂದರೆ 20ರಿಂದ ಭಾಗಿಸಿದರೆ 20 ಮೀಟರ್. ಕೊಟ್ಟ ನಾಲ್ಕು ಉತ್ತರಗಳು 10, 20, 40, 200 ಎಂದಿದ್ದರೆ, ಎರಡರಿಂದ ಭಾಗಿಸುವುದನ್ನು ಮರೆತವನಿಗೂ ಅವನ 40 ಅಲ್ಲಿ ಸಿಗುತ್ತದೆ. ಗುರುತ್ವವನ್ನೇ ಮರೆತವನಿಗೆ 200 ಸಿಗುತ್ತದೆ. ತಪ್ಪು ಉತ್ತರಗಳನ್ನು ಸುಮ್ಮನೆ ತುಂಬಿರುವುದಿಲ್ಲ, ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ತಿಳಿದೇ ಇಟ್ಟಿರುತ್ತಾರೆ. ತನ್ನ ಉತ್ತರ ಪಟ್ಟಿಯಲ್ಲಿದೆ ಎಂಬ ಸಮಾಧಾನವನ್ನು ನಂಬಬಾರದೆಂಬುದನ್ನು ಅಭ್ಯಾಸ ಪತ್ರಿಕೆಗಳನ್ನು ಬಿಡಿಸಿಯೇ ಕಲಿಯಬೇಕು. ಪಟ್ಟಣದ ಕೋಚಿಂಗ್ ತರಗತಿ ಮಾರುವ ವಸ್ತುವಿನಲ್ಲಿ ಬಹುಪಾಲು ಇದೇ: ಹೊಸ ವಿಜ್ಞಾನವಲ್ಲ, ಈ ಕ್ರಮದ ರೂಢಿ.

ಕಳೆಯುವ ಅಂಕ ಇಲ್ಲದ ಪರೀಕ್ಷೆಯಲ್ಲಿ ಒಂದು ವೃತ್ತವನ್ನೂ ಖಾಲಿ ಬಿಡಬಾರದು. ಏನೂ ಓದದೆ ಕಣ್ಣುಮುಚ್ಚಿ ತುಂಬಿದರೂ ಸರಾಸರಿ ಲೆಕ್ಕದಲ್ಲಿ 60ಕ್ಕೆ 15 ಬರುತ್ತದೆ. ಆದ್ದರಿಂದ 180ಕ್ಕೆ 45ರ ಆಸುಪಾಸಿನ ಅಂಕ ಏನನ್ನೂ ಹೇಳುವುದಿಲ್ಲ. ನಿಜವಾದ ಓದು ಮಾತಾಡಲು ಶುರುವಾಗುವುದು ಅಲ್ಲಿಂದ ಮೇಲೆ. ನಾಲ್ಕರಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಬಲ್ಲ ವಿದ್ಯಾರ್ಥಿಗೆ ಅದೇ ಊಹೆ ಅರ್ಧ ಅಂಕದಷ್ಟು ಬೆಲೆ ಬಾಳುತ್ತದೆ. ಗೊತ್ತಿಲ್ಲದ್ದನ್ನು ಬರೆಯಬಾರದು ಎಂದು ಮನೆಯಲ್ಲೂ ಶಾಲೆಯಲ್ಲೂ ಕೇಳಿ ಬೆಳೆದ ಪ್ರಾಮಾಣಿಕ ಮಗು ಇಲ್ಲಿ ಪ್ರಶ್ನೆಗಳನ್ನು ಬಿಟ್ಟು ಬರುತ್ತದೆ. ಅದಕ್ಕೆ ಈ ನಿಯಮವನ್ನು ಮೊದಲೇ ಬಿಡಿಸಿ ಹೇಳುವುದು ಉಪನ್ಯಾಸಕರ ಕರ್ತವ್ಯ.

ಇನ್ನು ರ‍್ಯಾಂಕ್. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಮೂರು ವಿಷಯಗಳ ಶೇಕಡಾ ಅಂಕದ ಅರ್ಧ, ಸಿಇಟಿಯ ಶೇಕಡಾ ಅಂಕದ ಅರ್ಧ ಕೂಡಿಸುತ್ತಾರೆ. ಕಾಗದದ ಮೇಲೆ ಎರಡೂ ಸಮ. ಫಲಿತಾಂಶದಲ್ಲಿ ಸಮವಲ್ಲ. ಮೂವರು ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳೋಣ. ಪಿಯುಸಿಯಲ್ಲಿ ಅವರಿಗೆ ಶೇ 95, 92, 90. ಸಿಇಟಿಯಲ್ಲಿ ಅದೇ ಕ್ರಮದಲ್ಲಿ ಶೇ 35, 50, 65. ಕೂಡಿಸಿ ಅರ್ಧ ಮಾಡಿದರೆ 65, 71, 77.5. ಪಿಯುಸಿಯಲ್ಲಿ ಮುಂದಿದ್ದವಳು ಕೊನೆಗೆ ಹೋದಳು. ಕಾರಣ ಸರಳ: ಓದುವ ಮಕ್ಕಳ ಪಿಯುಸಿ ಅಂಕಗಳು ಮೇಲ್ತುದಿಯಲ್ಲಿ ಒತ್ತೊತ್ತಾಗಿ ಕೂತಿರುತ್ತವೆ, ಸಿಇಟಿ ಅಂಕಗಳು ಅಗಲಕ್ಕೆ ಚೆಲ್ಲಿಕೊಂಡಿರುತ್ತವೆ. ಎರಡು ಅಳತೆಗಳನ್ನು ಸಮಪಾಲಲ್ಲಿ ಕೂಡಿಸಿದಾಗ ಹೆಚ್ಚು ಹರಡಿರುವುದೇ ಸಾಲನ್ನು ನಿರ್ಧರಿಸುತ್ತದೆ. ಹಳ್ಳಿಯ ಕಾಲೇಜಿನಲ್ಲಿ ಶಿಸ್ತಿನಿಂದ ಓದಿ ಪಿಯುಸಿಯಲ್ಲಿ ಶೇ 90 ದಾಟಿದ ಹುಡುಗಿಗೆ ರ‍್ಯಾಂಕ್ ದೂರ ಬಿದ್ದಾಗ ಮನೆಯವರು ‘ಹೀಗ್ಯಾಕಾತು’ ಎಂದು ತಲೆ ಹಿಡಿದುಕೊಳ್ಳುತ್ತಾರೆ. ಅವಳ ಓದು ಕಡಿಮೆಯಾಗಿಲ್ಲ. ಅಳತೆಗೋಲಿನ ಈ ಗುಣ ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಎರಡು ಅಳತೆಗಳನ್ನು ಬೆರೆಸುವುದು ಎಷ್ಟು ಸೂಕ್ಷ್ಮ ಎಂಬುದು ಕೋವಿಡ್ ಕಾಲದಲ್ಲಿ ಹೈಕೋರ್ಟಿನ ತನಕ ಹೋಯಿತು. 2021ರಲ್ಲಿ ಪಿಯುಸಿ ವಾರ್ಷಿಕ ಪರೀಕ್ಷೆಯೇ ನಡೆಯಲಿಲ್ಲವಾಗಿ ಆ ವರ್ಷ ಸಿಇಟಿ ಅಂಕದ ಮೇಲಷ್ಟೇ ರ‍್ಯಾಂಕ್ ಕೊಟ್ಟರು. ಆ ತಂಡದ ಕೆಲವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪರೀಕ್ಷೆಯಿಲ್ಲದ ಪಿಯುಸಿ ಅಂಕಗಳನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂಬ ತಕರಾರು ಎದ್ದಿತು. ಕೊನೆಗೆ ಪ್ರತಿ ವಿಷಯದಲ್ಲಿ ಸರಾಸರಿ 6 ಅಂಕ ಇಳಿಸಿ ಹಿಡಿಯುವ ಸೂತ್ರಕ್ಕೆ ಹೈಕೋರ್ಟಿನ ವಿಭಾಗೀಯ ಪೀಠ ಒಪ್ಪಿತು.

ಏಕರೂಪದ ಪರೀಕ್ಷೆಗೆ ಪಠ್ಯವೂ ಏಕರೂಪವಾಗಿರಬೇಕು. 2024ರ ಏಪ್ರಿಲ್ 18 ಮತ್ತು 19ರಂದು ನಡೆದ ಸಿಇಟಿಯಲ್ಲಿ ಆ ಕೂಡಿಕೆಯೇ ತಪ್ಪಿತು. ಕರ್ನಾಟಕದ ಪಿಯು ವಿಜ್ಞಾನ 2012ರ ನಂತರ ಎನ್‌ಸಿಇಆರ್‌ಟಿ ಪಠ್ಯವನ್ನು ಅನುಸರಿಸುತ್ತಿದೆ. ಕೋವಿಡ್ ನಂತರ ಅಲ್ಲಿ ಕೆಲವು ಭಾಗಗಳನ್ನು ಕೈಬಿಟ್ಟರು. ರಾಜ್ಯದ ಕಾಲೇಜುಗಳೂ ಅವನ್ನು ಕಲಿಸುವುದು ಬಿಟ್ಟವು. ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಕೈಬಿಟ್ಟ ಭಾಗಗಳ ಪ್ರಶ್ನೆಗಳು ಬಂದವು. ತಜ್ಞರ ಸಮಿತಿಯ ಪರಿಶೀಲನೆಯ ನಂತರ 240ರಲ್ಲಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆದರು: ಭೌತಶಾಸ್ತ್ರದಲ್ಲಿ 9, ರಸಾಯನಶಾಸ್ತ್ರದಲ್ಲಿ 15, ಗಣಿತದಲ್ಲಿ 15, ಜೀವಶಾಸ್ತ್ರದಲ್ಲಿ 11. ತೆಗೆದದ್ದು ಸರಿಯಾದ ಕ್ರಮವೇ. ಆದರೆ ಪ್ರಶ್ನೆಯನ್ನು ತೆಗೆದಷ್ಟು ಸುಲಭವಾಗಿ ಅದಕ್ಕೆ ಕಳೆದ ಸಮಯವನ್ನು ಮರಳಿಸಲು ಬರುವುದಿಲ್ಲ. ಪಠ್ಯ ಮೀರಿ ಕೋಚಿಂಗ್‌ನಲ್ಲಿ ಓದಿದ್ದವರು ಆ ಪ್ರಶ್ನೆಗಳನ್ನು ಬೇಗ ದಾಟಿ ಉಳಿದವುಗಳಿಗೆ ಹೋದರು. ಕಾಲೇಜು ಕಲಿಸಿದ್ದನ್ನಷ್ಟೇ ನಂಬಿ ಓದಿದವರು ಗಣಿತದ ಕಾಲು ಪತ್ರಿಕೆಯೆದುರು ತಡವರಿಸಿದರು. ಕಾಲೇಜಿನ ಪಾಠವನ್ನೇ ನೆಚ್ಚಿಕೊಳ್ಳುವವರಲ್ಲಿ ಹಳ್ಳಿಯ ಮಕ್ಕಳು ಹೆಚ್ಚು.

ಈ ಪರೀಕ್ಷೆ ಏಕೆ ಹುಟ್ಟಿತು ಎಂಬುದನ್ನೂ ಇಲ್ಲಿ ನೆನೆಯಬೇಕು, ಇಲ್ಲದಿದ್ದರೆ ಅದರ ಬಗ್ಗೆ ಅನ್ಯಾಯದ ಮಾತಾಡಿದಂತಾಗುತ್ತದೆ. ಕಾಲೇಜು ಪ್ರವೇಶದ ವಿಷಯದಲ್ಲಿ ಕನ್ನಡ ನಾಡಿನಷ್ಟು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ರಾಜ್ಯ ಕಡಿಮೆ. 1962ರ ಬಾಲಾಜಿ ಪ್ರಕರಣ ಮೈಸೂರು ರಾಜ್ಯದ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟುಗಳಲ್ಲಿ ಶೇ 68 ಮೀಸಲಿಟ್ಟ ಆದೇಶದ ಬಗ್ಗೆ. 1964ರ ಚಿತ್ರಲೇಖಾ ಪ್ರಕರಣ ಪ್ರವೇಶದ ಸಂದರ್ಶನಕ್ಕೆ ಕೊಟ್ಟ ಅಂಕಗಳ ಬಗ್ಗೆ. ಎಂಬತ್ತರ ದಶಕದಲ್ಲಿ ಖಾಸಗಿ ಕಾಲೇಜುಗಳು ಬೆಳೆದಂತೆ ಕ್ಯಾಪಿಟೇಷನ್, ಅಂದರೆ ಸೀಟಿಗೆ ಶುಲ್ಕದ ಮೇಲೆ ಕೀಳುವ ಹಣ, ಬೆಳೆಯಿತು. ಅದನ್ನು ತಡೆಯುವ ಕಾಯ್ದೆ 1984ರಲ್ಲಿ ಬಂತು. 1992ರ ಮೋಹಿನಿ ಜೈನ್ ತೀರ್ಪು ಕರ್ನಾಟಕದ ವೈದ್ಯಕೀಯ ಸೀಟಿನ ಶುಲ್ಕದಿಂದಲೇ ಹುಟ್ಟಿದ್ದು. 1993ರ ಉನ್ನಿಕೃಷ್ಣನ್ ತೀರ್ಪು ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧದಷ್ಟು ಸೀಟನ್ನು ಅರ್ಹತೆಯ ಮೇಲೆ ಕಡಿಮೆ ಶುಲ್ಕಕ್ಕೆ ಕೊಡಬೇಕೆಂಬ ಯೋಜನೆ ರೂಪಿಸಿತು. ಅದರ ಬೆನ್ನಿಗೆ 1994ರಲ್ಲಿ ರಾಜ್ಯ ಸರ್ಕಾರ ಸಿಇಟಿ ಘಟಕ ತೆರೆಯಿತು. ಅದೇ ಮುಂದೆ ಬೆಳೆದು ಬೆಂಗಳೂರಿನ ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರವಾಯಿತು. ಮೂವತ್ತು ವರ್ಷಗಳಲ್ಲಿ ಕ್ಯಾಪಿಟೇಷನ್ ಕೊಡಲಾರದ ಸಾವಿರಾರು ಮನೆಗಳ ಮಕ್ಕಳು ಎಂಜಿನಿಯರು, ವೈದ್ಯರಾದದ್ದು ಈ ವ್ಯವಸ್ಥೆಯಿಂದ. ಹುಬ್ಬಳ್ಳಿಯ ಕಿಮ್ಸ್, ಬಿವಿಬಿ, ಧಾರವಾಡದ ಎಸ್‌ಡಿಎಂ, ಕೃಷಿ ವಿಶ್ವವಿದ್ಯಾಲಯ ಇವುಗಳಲ್ಲಿ ಓದಿದ ನಮ್ಮ ತಾಲೂಕುಗಳ ಮಕ್ಕಳಲ್ಲಿ ಬಹಳ ಜನ ಸಿಇಟಿ ದಾಟಿಯೇ ಅಲ್ಲಿಗೆ ಹೋದವರು. ಅದಕ್ಕೂ ಹಿಂದಿನ ಕಾಲದಲ್ಲಿ ಈ ಭಾಗದ ಹುಡುಗರಿಗೆ ಏಕರೂಪದ ಪರೀಕ್ಷೆ ಎಂದರೆ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ತೆರೆಯುವ ತನಕ ಅದನ್ನು ಪಾಸಾದವರು ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. 1913ರಲ್ಲಿ ಮೆಟ್ರಿಕ್ ಮುಗಿಸಿದ ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿಗೇ ಹೋದರು.

ಈಗ ನಿಯಮಾವಳಿ. ವೃತ್ತಿಶಿಕ್ಷಣ ಸಂಸ್ಥೆಗಳ ಸರ್ಕಾರಿ ಸೀಟುಗಳ ಪ್ರವೇಶಕ್ಕೆ ಅನ್ವಯಿಸುವ 2006ರ ನಿಯಮಗಳ ಪ್ರಕಾರ ಪ್ರತಿ ವರ್ಗದೊಳಗೂ ಶೇ 15 ಸೀಟು ಗ್ರಾಮೀಣ ಅಭ್ಯರ್ಥಿಗಳಿಗೆ, ಶೇ 5 ಕನ್ನಡ ಮಾಧ್ಯಮದವರಿಗೆ ಮೀಸಲು. ಪ್ರಾಧಿಕಾರ ಪ್ರಕಟಿಸುವ ಕಟ್‌ಆಫ್ ಪಟ್ಟಿಯಲ್ಲಿ ಇದು ಅಕ್ಷರಗಳಾಗಿ ಕಾಣುತ್ತದೆ: 3ಬಿಜಿ, 3ಬಿಕೆ, 3ಬಿಆರ್, 2ಎಜಿ, 2ಎಕೆ, 2ಎಆರ್, ಜಿಎಂ, ಜಿಎಂಕೆ, ಜಿಎಂಆರ್. 2ಎ, 3ಬಿ ಹಿಂದುಳಿದ ವರ್ಗಗಳ ಗುಂಪುಗಳು, ಜಿಎಂ ಸಾಮಾನ್ಯ ವರ್ಗ. ಕೊನೆಯ ಅಕ್ಷರ ‘ಆರ್’ ಎಂದರೆ ಗ್ರಾಮೀಣ, ‘ಕೆ’ ಎಂದರೆ ಕನ್ನಡ ಮಾಧ್ಯಮ. ಒಂದೇ ಕಾಲೇಜಿನ ಒಂದೇ ಶಾಖೆಯಲ್ಲಿ ಜಿಎಂ ಸೀಟು ಮುಗಿದ ಮೇಲೂ ಜಿಎಂಆರ್ ಸಾಮಾನ್ಯವಾಗಿ ಇನ್ನೂ ಹಿಂದಿನ ರ‍್ಯಾಂಕಿನ ತನಕ ಸಾಗುತ್ತದೆ. ಅರ್ಹತೆ ಇದ್ದವರು ಎರಡನ್ನೂ ಕೇಳಿಕೊಳ್ಳಬಹುದು. ಸಾಮಾನ್ಯ ವರ್ಗದವರು ಗ್ರಾಮೀಣ ಸೀಟು ಕೇಳಿದರೆ ಕೆನೆಪದರದಲ್ಲಿಲ್ಲ ಎಂಬ ಪ್ರಮಾಣಪತ್ರವನ್ನೂ ತಹಶೀಲ್ದಾರರಿಂದ ತರಬೇಕು.

ಗ್ರಾಮೀಣ ಎಂದರೆ ಯಾರು? ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯ ತನಕ ಹತ್ತು ಪೂರ್ಣ ಶೈಕ್ಷಣಿಕ ವರ್ಷ ಕರ್ನಾಟಕದ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರು. ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಇವುಗಳ ವ್ಯಾಪ್ತಿಯ ಶಾಲೆಗಳು ಇದಕ್ಕೆ ಹೊರಗು. ನಮ್ಮ ನಾಲ್ಕು ತಾಲೂಕುಗಳ ನಕಾಶೆಯನ್ನು ಈ ಸಾಲಿನ ಪಕ್ಕದಲ್ಲಿಟ್ಟು ನೋಡಬೇಕು. ನವಲಗುಂದ, ಅಣ್ಣಿಗೇರಿ ಪುರಸಭೆಗಳು. ಕುಂದಗೋಳ, ಕಲಘಟಗಿ ಪಟ್ಟಣ ಪಂಚಾಯಿತಿಗಳು. ಹತ್ತಿ, ಕಡಲೆ, ಮೆಣಸಿನಕಾಯಿ, ಗೋವಿನಜೋಳದ ದುಡಿಮೆಯ ಮೇಲೆ ನಿಂತ ಊರುಗಳು. ಹುಬ್ಬಳ್ಳಿಯಿಂದ ನೋಡುವವರಿಗೆ ಇವೆಲ್ಲ ಹಳ್ಳಿಗಾಡೇ. ಸಿಇಟಿ ನಿಯಮದ ಕಣ್ಣಿಗೆ ನಾಲ್ಕೂ ಪಟ್ಟಣ.

ಈಗ ನವಲಗುಂದ ತಾಲೂಕಿನ ಒಂದು ಹಳ್ಳಿಯ ರೈತನ ಮಗನನ್ನು ಊಹಿಸಿಕೊಳ್ಳೋಣ. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿ ಮುಗಿಯುತ್ತದೆ. ಮುಂದೆ ಹೈಸ್ಕೂಲು. ಹತ್ತಿರದ ದೊಡ್ಡ ಹಳ್ಳಿಯಲ್ಲೂ ಒಂದಿದೆ, ತಾಲೂಕಿನ ಊರಲ್ಲೂ ಇದೆ. ಮಗ ಚೂಟಿ, ಮಾಸ್ತರರೂ ಹೊಗಳಿದ್ದಾರೆ. “ಹುಡುಗ ಛಲೋ ಓದ್ತಾನ್ರಿ, ಊರ ಸಾಲಿ ಬಿಡಿಸಿ ನವಲಗುಂದಕ್ಕ ಹಾಕೇವಿ” ಎಂಬುದು ಇಂಥ ಅಪ್ಪ ಹೆಮ್ಮೆಯಿಂದ ಆಡುವ ಮಾತು. ಬಸ್ ಪಾಸ್ ಮಾಡಿಸುತ್ತಾರೆ, ಅಥವಾ ಹಾಸ್ಟೆಲ್ಲಿಗೆ ಹಾಕುತ್ತಾರೆ. ಮಗನಿಗಾಗಿ ಮಾಡಿದ ಈ ಒಳ್ಳೆಯ ಕೆಲಸದಿಂದಲೇ ಅವನ ಏಳು ವರ್ಷಗಳ ಹಳ್ಳಿಯ ಓದು ಮೀಸಲಾತಿಯ ಲೆಕ್ಕದಲ್ಲಿ ಅಳಿಸಿಹೋಗುತ್ತದೆ. ಹತ್ತಕ್ಕೆ ಏಳಲ್ಲ, ಒಂಬತ್ತು ಇದ್ದರೂ ಆ ಹಕ್ಕು ಇಲ್ಲ. ಇದು ಅವನಿಗೆ ಗೊತ್ತಾಗುವುದು ಐದು ವರ್ಷಗಳ ನಂತರ, ಆನ್‌ಲೈನ್ ಅರ್ಜಿ ತುಂಬುವಾಗ ‘ಗ್ರಾಮೀಣ’ ಎಂಬ ಕಾಲಮ್ಮಿನ ಎದುರು.

2006 ಎಂಬ ವರ್ಷ ಇಲ್ಲಿ ಇನ್ನೊಂದು ಕಾರಣಕ್ಕೆ ಗಮನಾರ್ಹ. ಎಂಟನೆಯ ತರಗತಿಯ ಮಕ್ಕಳಿಗೆ ರಾಜ್ಯ ಸರ್ಕಾರ ಉಚಿತ ಸೈಕಲ್ ಕೊಡಲು ಆರಂಭಿಸಿದ್ದು 2006-07ರಲ್ಲಿ. ದೂರದ ಹೈಸ್ಕೂಲಿಗೆ ಹೋಗಲಾಗದೆ ಓದು ಬಿಡುವ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಉಳಿಸಿಕೊಳ್ಳುವ ಒಳ್ಳೆಯ ಯೋಜನೆ. ಒಂದೇ ವರ್ಷ ಬಂದ ಈ ಎರಡು ಕ್ರಮಗಳು ಒಂದನ್ನೊಂದು ನೋಡಿರಲಿಲ್ಲ. ಸೈಕಲ್ಲು ಪಂಚಾಯಿತಿ ವ್ಯಾಪ್ತಿಯ ಹೈಸ್ಕೂಲಿನ ಕಡೆ ಹೋದರೆ ಗ್ರಾಮೀಣ ಹಕ್ಕು ಉಳಿಯಿತು. ಪುರಸಭೆಯ ಗಡಿ ದಾಟಿದರೆ ಹೋಯಿತು. ಅದೇ ಮನೆ, ಅದೇ ಹೊಲ, ಅದೇ ಬಡತನ.

ನಿಯಮ ಹಿಡಿಯುವುದು ಶಾಲೆ ಇರುವ ಜಾಗವನ್ನು, ಮಗು ಮಲಗುವ ಮನೆಯನ್ನಲ್ಲ. ಹೀಗೇಕೆ ಎಂದು ತಿಳಿಯಲು ಕಾನೂನಿನ ಹಿನ್ನೆಲೆಯ ಅರಿವು ಬೇಕು. ಉತ್ತರ ಪ್ರದೇಶ ವೈದ್ಯಕೀಯ ಸೀಟುಗಳಲ್ಲಿ ಗ್ರಾಮೀಣರಿಗೆ ಮೀಸಲಿಟ್ಟಿದ್ದನ್ನು ಸುಪ್ರೀಂ ಕೋರ್ಟ್ ಪ್ರದೀಪ್ ಟಂಡನ್ ಪ್ರಕರಣದಲ್ಲಿ 1974ರಲ್ಲೇ ತಳ್ಳಿಹಾಕಿತ್ತು. ಹಳ್ಳಿಯಲ್ಲಿ ವಾಸಿಸುವವರೆಲ್ಲ ಒಂದು ಹಿಂದುಳಿದ ವರ್ಗವಾಗುವುದಿಲ್ಲ ಎಂದಿತ್ತು. ವಾಸಕ್ಕಿಂತ ಓದನ್ನು ಆಧಾರವಾಗಿ ಹಿಡಿಯುವುದಕ್ಕೆ ತರ್ಕವಿದೆ: ಹಳ್ಳಿಯ ಶಾಲೆಯ ಕೊರತೆಗಳೇ ಪರಿಹಾರ ಬೇಡುವ ಸಂಗತಿ. ಆದರೆ ಅದರ ಅಂಚುಗಳಲ್ಲಿ ಏನಾಗುತ್ತದೆ ನೋಡಿ. ಪಟ್ಟಣದ ಗಡಿಯಾಚೆ ಪಂಚಾಯಿತಿ ಜಮೀನಿನಲ್ಲಿ, ಹೆದ್ದಾರಿಯ ಪಕ್ಕ ಕಟ್ಟಿದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಊರಿನಿಂದ ಹಳದಿ ಬಸ್ಸಿನಲ್ಲಿ ಹೋಗಿಬರುವ ಮಗು ಗ್ರಾಮೀಣ ಅಭ್ಯರ್ಥಿ. ಹೊಲದ ಮನೆಯಿಂದ ನಡೆದು ಕಲಘಟಗಿಯ ಸರ್ಕಾರಿ ಹೈಸ್ಕೂಲಿಗೆ ಹೋಗುವ ಮಗು ಅಲ್ಲ. 1962ರಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಾದಾಗಿನಿಂದ ಅದರೊಳಗೆ ಸೇರಿದ ಉಣಕಲ್, ಅಮರಗೋಳದಂಥ ಊರುಗಳ ಶಾಲೆಯ ಮಕ್ಕಳೂ ಅಲ್ಲ.

ಕನ್ನಡ ಮಾಧ್ಯಮದ ಶೇ 5ರ ಕಥೆಯೂ ಹತ್ತು ವರ್ಷಗಳದ್ದೇ, ಆದರೆ ಅದು ಊರಿನ ಗಡಿ ನೋಡುವುದಿಲ್ಲ. ಹಳ್ಳಿಯಿಂದ ಪಟ್ಟಣದ ಕನ್ನಡ ಶಾಲೆಗೆ ಹೋದವನಿಗೆ ಗ್ರಾಮೀಣ ತಪ್ಪಿದರೂ ಇದು ಉಳಿಯುತ್ತದೆ. 2019-20ರಿಂದ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದ ಮೇಲೆ ಪಾಲಕರ ಎದುರು ಇನ್ನೊಂದು ಕವಲು ಬಂದಿದೆ. ಹಳ್ಳಿಯ ಶಾಲೆಯಲ್ಲೇ ಇಂಗ್ಲಿಷ್ ವಿಭಾಗಕ್ಕೆ ಸೇರಿಸಿದರೆ ‘ಆರ್’ ಉಳಿಯುತ್ತದೆ, ‘ಕೆ’ ಹೋಗುತ್ತದೆ. ಯಾವುದು ಮೇಲು ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಕನ್ನಡದಲ್ಲಿ ಹತ್ತು ವರ್ಷ ವಿಜ್ಞಾನ ಓದಿ ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹೊರಳಿದ ಮಗುವಿಗೆ ಮೊದಲ ಆರು ತಿಂಗಳು ಭೌತಶಾಸ್ತ್ರದ ಕಷ್ಟಕ್ಕಿಂತ ವಾಕ್ಯದ ಕಷ್ಟವೇ ದೊಡ್ಡದು, ಮತ್ತು 80 ಸೆಕೆಂಡಿನಲ್ಲಿ ಓದಿಗೆ ಹೋಗುವ ಪಾಲು ಯೋಚನೆಯಿಂದ ಕಳೆದುಹೋಗುತ್ತದೆ. ಆ ಶೇ 5 ಈ ನಷ್ಟಕ್ಕೆ ಕೊಟ್ಟ ಸಣ್ಣ ಪರಿಹಾರ. ಮಾಧ್ಯಮವನ್ನು ಮಗುವಿನ ಕಲಿಕೆ ನೋಡಿ ಆರಿಸಬೇಕೇ ಹೊರತು ಮೀಸಲಾತಿ ನೋಡಿ ಅಲ್ಲ ಎಂಬುದು ನನ್ನ ನಿಲುವು. ಆರಿಸುವಾಗ ಈ ಮಾಹಿತಿ ಕೈಯಲ್ಲಿರಬೇಕು ಎಂಬುದೂ ಅಷ್ಟೇ ಗಟ್ಟಿಯಾದ ನಿಲುವು.

ಹತ್ತು ವರ್ಷ ಎಂಬ ಕಟ್ಟುನಿಟ್ಟು ಅನಿವಾರ್ಯವೇ? ಅಲ್ಲ ಎಂಬುದಕ್ಕೆ ಸಾಕ್ಷಿ ಅದೇ ನಿಯಮಾವಳಿಯಲ್ಲಿದೆ. ಸಿಇಟಿ ಮೂಲಕ ಸರ್ಕಾರಿ ಸೀಟು ಕೇಳಲು ಬೇಕಾದ ಕರ್ನಾಟಕದ ಅಭ್ಯರ್ಥಿ ಎಂಬ ಮೂಲ ಅರ್ಹತೆಯ ಮೊದಲ ಖಂಡಿಕೆ, ಅಂದರೆ ಅರ್ಜಿಯಲ್ಲಿ ಎಲ್ಲರೂ ‘ಕ್ಲಾಜ್ ಎ’ ಎಂದು ಗುರುತಿಸುವುದು, ಕೇಳುವುದು ಏಳು ವರ್ಷ ಮಾತ್ರ. ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿ ನಡುವೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ರಾಜ್ಯದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲಿ ಪಾಸಾಗಿದ್ದರೆ ಸಾಕು. ಕೆಲವು ವರ್ಷ ಹೊರಗೆ ಓದಿದವರೂ ಕರ್ನಾಟಕದವರೇ ಎಂದು ನಿಯಮ ಉದಾರವಾಗಿ ಒಪ್ಪುತ್ತದೆ. ಪಟ್ಟಣದಲ್ಲಿ ಮೂರು ವರ್ಷ ಹೈಸ್ಕೂಲು ಓದಿದವನೂ ಹಳ್ಳಿಯವನೇ ಎಂದು ಒಪ್ಪುವುದಕ್ಕೆ ಅದೇ ಉದಾರತೆ ಸಾಕು. ಹತ್ತರಲ್ಲಿ ಏಳು ವರ್ಷ ಎಂದು ತಿದ್ದಿದರೆ ಹಿರಿಯ ಪ್ರಾಥಮಿಕವನ್ನು ಊರಲ್ಲಿ ಮುಗಿಸಿದ ಪ್ರತಿ ಮಗುವೂ ಒಳಗೆ ಬರುತ್ತದೆ. ಏಳು ಎಂಬ ಸಂಖ್ಯೆ ನಮ್ಮ ಶಾಲಾ ವ್ಯವಸ್ಥೆಯ ಸಹಜ ಕೀಲು. ಮಗು ಊರು ಬಿಡಲೇಬೇಕಾದ ಜಾಗ ಅದೇ. ಹಾಗೆ ಮಾಡಿದರೆ ಅರ್ಹರ ಸಂಖ್ಯೆ ಹೆಚ್ಚಿ ಆ ಶೇ 15ರೊಳಗಿನ ಪೈಪೋಟಿಯೂ ಏರುತ್ತದೆ. ಪೂರ್ತಿ ಹತ್ತು ವರ್ಷ ಹಳ್ಳಿಯಲ್ಲೇ ಓದಿದವರಿಗೆ ಅದರಿಂದ ಕಷ್ಟವಾಗಬಹುದು. ಈ ಆಕ್ಷೇಪಣೆ ಹಗುರವಾದುದಲ್ಲ. ಹತ್ತು ವರ್ಷದವರಿಗೆ ಮೊದಲ ಆದ್ಯತೆ, ಉಳಿದ ಸೀಟು ಏಳು ವರ್ಷದವರಿಗೆ ಎಂಬ ಎರಡು ಹಂತ ಮಾಡಿದರೆ ಇಬ್ಬರಿಗೂ ನ್ಯಾಯ ಸಿಗುತ್ತದೆ.

ಜಿಲ್ಲೆಯ ಗಡಿಯ ಮಾತೂ ಇದೆ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸೇರಿದ್ದು. ಧಾರವಾಡ, ಗದಗ ಜಿಲ್ಲೆಗಳು ಅದರಲ್ಲಿಲ್ಲ. ಅಣ್ಣಿಗೇರಿಯಲ್ಲಿ ರೈಲು ಹತ್ತಿ ಗದಗ ದಾಟಿದರೆ ಕೊಪ್ಪಳ. ಅಲ್ಲಿಂದಾಚೆ ಲೆಕ್ಕವೇ ಬೇರೆ. ಕಪ್ಪು ನೆಲ ಒಂದೇ, ಮಳೆಯ ಕೊರತೆಯೂ ಒಂದೇ. ಅಣ್ಣಿಗೇರಿಯ ಮಗುವಿಗೆ ಪ್ರದೇಶದ ಹೆಸರಿನಲ್ಲಿ ಯಾವ ಆಸರೆಯೂ ಇಲ್ಲವಾದ್ದರಿಂದ ಗ್ರಾಮೀಣ ಮೀಸಲಾತಿಯ ಬೆಲೆ ಇಲ್ಲಿ ಇನ್ನೂ ಹೆಚ್ಚು.

ಊರ ಶಾಲೆ ಬಿಟ್ಟವರಿಗೂ ತೆರೆದಿರುವ ಬಾಗಿಲೊಂದಿದೆ, ಅದು ಕೃಷಿಕರ ಕೋಟಾ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿದಂತೆ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳ ಪದವಿ ಸೀಟುಗಳಲ್ಲಿ ಬಹುಕಾಲ ಶೇ 40 ರೈತರ ಮಕ್ಕಳಿಗಿತ್ತು; 2021ರಲ್ಲಿ ಅದನ್ನು ಶೇ 50ಕ್ಕೆ ಏರಿಸಿದರು. ಇದು ನೋಡುವುದು ಜಮೀನನ್ನು, ಶಾಲೆಯ ಜಾಗವನ್ನಲ್ಲ. ಇದಕ್ಕೆ ಸಿಇಟಿ ಅಂಕದ ಜೊತೆ ಪ್ರಾಯೋಗಿಕ ಪರೀಕ್ಷೆಯೂ ಇದೆ: ಬೀಜ, ಬೆಳೆ, ಗೊಬ್ಬರ, ಸಲಕರಣೆಗಳನ್ನು ಗುರುತಿಸಬೇಕು. ಕೂರಿಗೆ ಯಾವುದು, ಕುಂಟೆ ಯಾವುದು ಎಂದು ಕೇಳಿದರೆ ಕುಂದಗೋಳದ ಹುಡುಗಿ ಪುಸ್ತಕ ನೋಡಬೇಕಿಲ್ಲ. ಅವಳ ಮನೆಯ ತಿಳಿವಳಿಕೆಗೆ ಅಂಕ ಕೊಡುವ ಪ್ರವೇಶ ಪರೀಕ್ಷೆ ಇಡೀ ವ್ಯವಸ್ಥೆಯಲ್ಲಿ ಇದೊಂದೇ, ಹಾಗಾಗಿ ಇದರ ಬಗ್ಗೆ ನನಗೆ ವಿಶೇಷ ಗೌರವ.

ರ‍್ಯಾಂಕ್ ಬಂದ ನಂತರದ ಆಪ್ಷನ್ ಎಂಟ್ರಿಯಲ್ಲೂ ಬಲ್ಲವರ ಸಲಹೆಯಿಲ್ಲದೆ ಸೀಟು ಕಳೆದುಕೊಳ್ಳುವವರಿದ್ದಾರೆ. ಸೀಟು ಹಂಚುವ ಕಂಪ್ಯೂಟರ್ ಮೊದಲ ರ‍್ಯಾಂಕಿನಿಂದ ಕೆಳಗಿಳಿಯುತ್ತ, ಪ್ರತಿಯೊಬ್ಬರ ಪಟ್ಟಿಯನ್ನು ಮೇಲಿನಿಂದ ಓದಿ, ಅವರ ಸರದಿಯಲ್ಲಿ ಉಳಿದಿರುವ ಮೊದಲ ಆಯ್ಕೆಯನ್ನು ಕೊಡುತ್ತದೆ. ಆದ್ದರಿಂದ ಸಿಗಲಾರದೆನಿಸಿದ ಕಾಲೇಜನ್ನು ಮೇಲೆ ಬರೆದರೆ ಏನೂ ನಷ್ಟವಿಲ್ಲ. ‘ಸಿಗೋದನ್ನ ಮೊದಲ ಬರಿ’ ಎಂಬ ಸಲಹೆ ತಪ್ಪು. ಹಾಗೆ ಬರೆದವರಿಗೆ ಅದೇ ಸಿಕ್ಕಿ, ಅದಕ್ಕಿಂತ ಒಳ್ಳೆಯದು ಕೈತಪ್ಪುತ್ತದೆ. ಮನಸ್ಸಿನ ಕ್ರಮದಲ್ಲೇ ಬರೆಯಬೇಕು, ಉದ್ದಕ್ಕೆ ಬರೆಯಬೇಕು. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್‌ಗಳು: ಒಪ್ಪಿ ಸೇರುವುದು, ಒಪ್ಪಿಕೊಂಡೇ ಮೇಲಿನದಕ್ಕೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಎರಡನೆಯ ಮತ್ತು ಮೂರನೆಯ ಚಾಯ್ಸ್‌ಗಳ ವ್ಯತ್ಯಾಸ ತಿಳಿಯದೆ ಸೈಬರ್ ಕೆಫೆಯ ಗದ್ದಲದಲ್ಲಿ ಬೇರೆಯವರ ಕೈಯಿಂದ ಒತ್ತಿಸಬಾರದು. ಮೂರನೆಯದನ್ನು ಒತ್ತಿದವನ ಕೈಯಲ್ಲಿ ಸೀಟು ಉಳಿಯುವುದಿಲ್ಲ.

ಶಾಲೆಗಳ ಮಟ್ಟದಲ್ಲಿ ಆಗಬೇಕಾದ ಕೆಲಸಕ್ಕೆ ಹಣವೂ ಬೇಡ, ಆದೇಶವೂ ಬೇಡ. ಏಳನೆಯ ತರಗತಿಯ ವರ್ಗಾವಣೆ ಪತ್ರ ಕೊಡುವ ದಿನ ಮುಖ್ಯ ಗುರುಗಳು ಪಾಲಕರನ್ನು ಕೂರಿಸಿ, ಮುಂದಿನ ಶಾಲೆ ಪಂಚಾಯಿತಿ ವ್ಯಾಪ್ತಿಯದೋ ಪಟ್ಟಣದ್ದೋ, ಮಾಧ್ಯಮ ಯಾವುದು, ಇದರಿಂದ ಮುಂದೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಹತ್ತು ನಿಮಿಷ ಹೇಳಿದರೆ ಸಾಕು. ಹೇಳಿದ ಮೇಲೂ ಪಟ್ಟಣದ ಶಾಲೆಯೇ ಒಳ್ಳೆಯದೆಂದು ಅವರು ಆರಿಸಿದರೆ ಅದು ತಿಳಿದು ಮಾಡಿದ ಆಯ್ಕೆ. ಹಾಗೆಯೇ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ, ಜಾತಿ-ಆದಾಯ ಪತ್ರದ ಆರ್‌ಡಿ ಸಂಖ್ಯೆ ಇವನ್ನು ಪಿಯುಸಿ ಮೊದಲ ವರ್ಷದಲ್ಲೇ ಮಾಡಿಸಿಟ್ಟುಕೊಳ್ಳಬೇಕು. ನಾಡಕಚೇರಿಯ ಸಾಲು ಪರೀಕ್ಷೆಯ ತಿಂಗಳಲ್ಲಿ ಉದ್ದವಾಗುತ್ತದೆ.

ಸಂಶೋಧಕರಿಗೆ ಒಂದು ಕೆಲಸ ಉಳಿದಿದೆ. ಪ್ರಕಟವಾಗುವ ಕಟ್‌ಆಫ್ ಪಟ್ಟಿ ಕಾಲೇಜು, ಶಾಖೆ, ವರ್ಗಗಳ ಲೆಕ್ಕ ಕೊಡುತ್ತದೆ. ಮಗು ಯಾವ ತಾಲೂಕಿನಲ್ಲಿ ಓದಿತು ಎಂಬ ಲೆಕ್ಕ ಅದರಲ್ಲಿರುವುದಿಲ್ಲ. ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯಲ್ಲಿ ಒಂದನೆಯ ತರಗತಿಯಿಂದ ಶಾಲೆ ಬದಲಾದ ವಿವರ ಇದೆ. ಹೆಸರು ತೆಗೆದು ಈ ಎರಡನ್ನೂ ತಾಲೂಕುವಾರು ಜೋಡಿಸಿದರೆ, ನವಲಗುಂದದಲ್ಲಿ ಏಳು ವರ್ಷ ಹಳ್ಳಿಯಲ್ಲಿ ಓದಿ ಗ್ರಾಮೀಣ ಹಕ್ಕು ಕಳೆದುಕೊಂಡವರು ಎಷ್ಟು ಜನ, ಆ ಹಕ್ಕು ಇದ್ದಿದ್ದರೆ ಅವರಲ್ಲಿ ಎಷ್ಟು ಜನರ ರ‍್ಯಾಂಕಿಗೆ ಆ ವರ್ಷದ ಜಿಎಂಆರ್, 2ಎಆರ್, 3ಬಿಆರ್ ಸೀಟು ಎಟುಕುತ್ತಿತ್ತು ಎಂಬುದನ್ನು ಹೆಚ್ಚು ಶ್ರಮವಿಲ್ಲದೆ ಕಂಡುಹಿಡಿಯಬಹುದು. ನಿಯಮ ತಿದ್ದುವ ಮೊದಲು ಸರ್ಕಾರದ ಎದುರು ಇಡಬೇಕಾದ ಅಂಕಿ ಅದು. ಪ್ರಾಧಿಕಾರವೂ ಇಲಾಖೆಯೂ ಕೂಡಿ ಆ ದತ್ತಾಂಶವನ್ನು ಅಧ್ಯಯನಕ್ಕೆ ಬಿಡುಗಡೆ ಮಾಡಬೇಕು.